ಟೀಗೆ ಹೋದ ಶುಂಠಿ

ತಪ್ಪು ಯಾರದು ಎಂದು ನನ್ನನ್ನು ಕೇಳಿದರೆ, ಶುಂಠಿಯನ್ನು ತರಕಾರಿ ಬುಟ್ಟಿಯಲ್ಲಿಟ್ಟ ಸೊಸೆಯದೇ. ಶಿಲ್ಪಿಯಾದರೇನು, ಬುಟ್ಟಿಯಲ್ಲಿದ್ದದ್ದು ಒಲೆಗೆ ಹೋಗುತ್ತದೆ ಎಂಬಷ್ಟು ಬುದ್ಧಿ ಬೇಡವೇ? ಅತ್ತೆ ಅದನ್ನು ಚಮಚದಿಂದ ಹೆರೆದರು, ಜಜ್ಜಿದರು, ಟೀಗೆ ಹಾಕಿದರು. ಸೊಸೆಯೂ ಎರಡು ಲೋಟ ಕುಡಿದು ಚೆನ್ನಾಗಿದೆ ಎಂದಳು.

ಆಮೇಲೆ ಬುಟ್ಟಿಗೆ ಕೈ ಹಾಕಿದಳು. "ಅತ್ತೆ, ಇಲ್ಲಿದ್ದ ಶುಂಠಿ ಎಲ್ಲಿ?"

"ನಿನ್ನ ಹೊಟ್ಟೇಲಿದೆ."

ಸೊಸೆ ನಗಲಿಲ್ಲ, ಅಲ್ಲೇ ನೆಲದ ಮೇಲೆ ಕುಳಿತಳು. ನದಿ ದಂಡೆಯ ಉದ್ಯಾನಕ್ಕೆಂದು ಆರು ವಾರದಿಂದ ಅವಳು ಜೇಡಿಮಣ್ಣಿನಲ್ಲಿ ಕಟ್ಟುತ್ತಿದ್ದ ಎರಡಾಳೆತ್ತರದ ಶುಂಠಿಗೆ ಇದೇ ಮಾದರಿ. ಬೆನ್ನಿನ ಕಡೆಯ ಒಂದು ಗಂಟು ಮಾತ್ರ ಬಾಕಿ ಇತ್ತು. ನಾಳೆ ಬೆಳಿಗ್ಗೆ ಕಂಚಿನ ಎರಕದವರು ಅಚ್ಚು ತೆಗೆಯಲು ಬರುತ್ತಾರೆ. ಫೋಟೊಗಳಿದ್ದವು, ಬೆನ್ನಿನದೊಂದು ಬಿಟ್ಟು.

"ಏನೋ ಒಂದು ಗಂಟು ಮೆತ್ತಿಬಿಡು, ಯಾರಿಗೆ ಗೊತ್ತಾಗುತ್ತೆ?" ಎಂದ ಮಗರಾಯ.

"ನನಗೆ ಗೊತ್ತಾಗುತ್ತೆ," ಎಂದಳು ಸೊಸೆ. ಅವಳ ಕಣ್ಣು ತುಂಬಿತು. ಆರು ವಾರದ ದುಡಿಮೆಯನ್ನು ತಾನು ಕುದಿಸಿ ಸೋಸಿಬಿಟ್ಟೆನಲ್ಲ ಎಂದು ಅತ್ತೆಗೆ ನಾಚಿಕೆಯಾಯಿತು.

"ಬೆನ್ನಿನ ಗಂಟು ತಾನೆ?" ಎಂದರು ನಿಧಾನವಾಗಿ. "ಹೆರೆಯೋವಾಗ ಪ್ರಾಣ ತಿಂದಿದ್ದೇ ಅದು. ನಡಿ."

ಶೆಡ್ಡಿನಲ್ಲಿ ಅತ್ತೆ ಚಪ್ಪಲಿ ಕಳಚಿ ಏಣಿ ಹತ್ತಿದರು. ಮಗ ಏಣಿ ಹಿಡಿದುಕೊಂಡ, ಸೊಸೆ ಪಕ್ಕದ ಏಣಿಯಲ್ಲಿ ನಿಂತು ಮಣ್ಣು ಮೆತ್ತತೊಡಗಿದಳು.

"ಇಲ್ಲೊಂದು ಮಡಿಕೆ. ಚಮಚದ ತುದಿ ಸಿಕ್ಕಿಹಾಕಿಕೊಳ್ತಿತ್ತು. ಇನ್ನೂ ಆಳ ಮಾಡು. ಅಷ್ಟಲ್ಲ ಮಾರಾಯ್ತಿ, ಸ್ವಲ್ಪ ತುಂಬು. ಇಲ್ಲಿ ಹೆಬ್ಬೆರಳು ಜಾರ್ತಿತ್ತು, ನುಣ್ಣಗಿರಲಿ." ಕೊನೆಗೆ ಹೇಳಿ ಸಾಕಾಗಿ ತಾವೇ ಮಣ್ಣಿಗೆ ಕೈ ಹಾಕಿದರು.

ಮಧ್ಯಾಹ್ನದ ಊಟ ಯಾರಿಗೂ ನೆನಪಾಗಲಿಲ್ಲ. ಸಂಜೆಯ ಹೊತ್ತಿಗೆ ಸೊಸೆ ಕಣ್ಣು ಮುಚ್ಚಿ ಆ ಗಂಟಿನ ಮೇಲೆ ಅಂಗೈ ಆಡಿಸಿದಳು, ಒಮ್ಮೆ, ಮತ್ತೊಮ್ಮೆ.

"ಇದೇ ಅತ್ತೆ. ಇದೇ ಅದು."

ಉದ್ಘಾಟನೆಯ ದಿನ ಜನರೆಲ್ಲ ಕಂಚಿನ ಶುಂಠಿಯ ಎದುರು ಫೋಟೊ ತೆಗೆಸಿಕೊಳ್ಳುತ್ತಿದ್ದರೆ ಅತ್ತೆ ಹಿಂದಕ್ಕೆ ಹೋಗಿ ಕತ್ತೆತ್ತಿ ನೋಡಿದರು. ತಮ್ಮ ಮಡಿಕೆ ಬಿಸಿಲಿಗೆ ಹೊಳೆಯುತ್ತಿತ್ತು. ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡರು.

ಸೊಸೆ ಬಂದು ಪಕ್ಕದಲ್ಲಿ ನಿಂತಳು. ಕೈಚೀಲದಿಂದ ಒಂದು ಬೆಳ್ಳುಳ್ಳಿ ಗೆಡ್ಡೆ ತೆಗೆದು ಅತ್ತೆಯ ಕೈಗಿಟ್ಟಳು.

"ಮುಂದಿನದು ಇದು. ಎರಡು ತಂದಿದ್ದೀನಿ. ಒಂದನ್ನ ಮೊದಲು ನೀವು ಸುಲಿದು ನೋಡಿ, ಆಮೇಲೆ ನಾನು ಶುರು ಮಾಡ್ತೀನಿ."