ಎರಕದ ಮರಳು

ಭದ್ರಾವತಿಯ ಹೊರಗೆ ಶಾಂಭವಿ ಮತ್ತು ಅವಳ ತಮ್ಮ ವೀರೇಂದ್ರ ಸೇರಿ ಪಂಪುಗಳಿಗೆ ಕಬ್ಬಿಣದ ಕವಚ ಎರಕ ಹೊಯ್ಯುವ ಕಾರ್ಖಾನೆ ನಡೆಸುತ್ತಿದ್ದರು. ಅಚ್ಚಿಗೆ ಬಳಸಿದ ಮರಳನ್ನು ಎಸೆಯದೆ ಮತ್ತೆ ಬಳಸಲು ಸಾಧ್ಯವೇ ಎಂದು ಸಂಶೋಧಿಸಲು ಶಾಂಭವಿ, ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಓದಿದ್ದ ಸಮತಾಳನ್ನು ನೇಮಿಸಿಕೊಂಡಿದ್ದಳು. ವರ್ಷ ಕಳೆದರೂ ಹಳೆಯ ಮರಳು ಹದಕ್ಕೆ ಬರಲಿಲ್ಲ.

ಒಂದು ದಿನ ಗೋಪಾಳ ಬಡಾವಣೆಯ ಮನೆಯಲ್ಲಿ ಊಟಕ್ಕೆ ಕೂತಾಗ ವೀರೇಂದ್ರ, "ಈ ಮರಳಿನ ಪ್ರಯೋಗ ಬರೀ ಖರ್ಚು ಕಣಕ್ಕ. ಹೊಸ ಕುಲುಮೆ ತಗೊಂಡಿದ್ರೆ ಬಂಡವಾಳ ಅನ್ನಬಹುದಿತ್ತು," ಎಂದ.

"ಕುಲುಮೆ ತಂದ ದಿನದಿಂದಲೇ ಸವೆಯೋಕೆ ಶುರುವಾಗುತ್ತೆ. ಕಲಿತಿದ್ದು ಸವೆಯಲ್ಲ ಮಾರಾಯ. ನಾನಂತೂ ನಿಲ್ಲಿಸಲ್ಲ," ಎಂದಳು ಶಾಂಭವಿ. ಅವಳಿಗೆ ಅನುಮಾನವೇ ಇರಲಿಲ್ಲ.

ಮಳೆಗಾಲದಲ್ಲಿ ಪ್ರತಿವರ್ಷದಂತೆ ಕವಚಗಳಲ್ಲಿ ಗಾಳಿಗುಳ್ಳೆ ಕಾಣಿಸಿಕೊಂಡು, ಗಿರಾಕಿಗಳು ಮಾಲು ವಾಪಸ್ ಕಳಿಸತೊಡಗಿದರು. ಎಲ್ಲರೂ ಕಬ್ಬಿಣವನ್ನೇ ದೂರಿದರು. ಸಮತಾ ಒಂದು ಕವಚವನ್ನು ಕೊಯ್ಯಿಸಿ ನೋಡಿದಳು.

"ಕಬ್ಬಿಣ ಸರಿಯಾಗಿದೆ ಮೇಡಂ. ಹೊಸ ಮರಳು ತೇವ ಎಳ್ಕೊಂಡಿದೆ. ಹಳೆ ಮರಳಿನ ನನ್ನ ಅಚ್ಚುಗಳು ತೇವಕ್ಕೆ ಕೆಟ್ಟಾಗಲೂ ಗುಳ್ಳೆ ಹೀಗೇ ಬರ್ತಿತ್ತು."

ಸೋತ ಪ್ರಯೋಗಗಳಿಂದಲೇ ಎಷ್ಟು ತೇವ ಹೆಚ್ಚಾದರೆ ಏನಾಗುತ್ತದೆಂದು ಅವಳು ಕಲಿತಿದ್ದಳು. ಮರಳನ್ನು ಅವಳು ಹೇಳಿದಷ್ಟು ಒಣಗಿಸಿ ಅಚ್ಚು ಕಟ್ಟಿದರು. ಹೊರಬಂದ ಕವಚಗಳಲ್ಲಿ ಒಂದು ಗುಳ್ಳೆಯೂ ಇರಲಿಲ್ಲ.

ಅದೇ ವಾರ ವೀರೇಂದ್ರ ತಾನೇ ನಿಂತು ಗೋದಾಮಿನ ಒಂದು ಕೋಣೆ ಖಾಲಿ ಮಾಡಿಸಿದ. "ಇದು ನಿನ್ನ ಪ್ರಯೋಗಕ್ಕೆ. ಜೊತೆಗೆ ಇನ್ನೊಬ್ಬರು ಬೇಕಿದ್ರೂ ಹೇಳು," ಎಂದು ಸಮತಾಳಿಗೆ ಹೇಳಿ, ದೊಡ್ಡ ಮೇಜೊಂದನ್ನು ಒಳಗೆಳೆಯತೊಡಗಿದ. ಶಾಂಭವಿ ನಗುತ್ತಾ ಅದರ ಇನ್ನೊಂದು ತುದಿ ಹಿಡಿದಳು.