ಕುದುರೆಯ ತಲೆಗೂ ಜಾಗ ಇರಲಿ

ಕುದುರೆ ಸಾಕುವವರ ಮನೆಯಲ್ಲಿ ಈ ರಗಳೆ ಹೊಸದೇನಲ್ಲ. ಕುದುರೆ ಸಾಗಿಸಲು ಜೀಪಿನ ಹಿಂದೆ ಕಟ್ಟುವ ಟ್ರೇಲರ್ ಬಂದು ನಿಂತಿರುತ್ತದೆ, ಹೊರಡುವ ಹೊತ್ತು ಮೀರಿರುತ್ತದೆ, ಕುದುರೆ ಮಾತ್ರ ನಾಲ್ಕೂ ಕಾಲು ಊರಿ ನಿಂತುಬಿಟ್ಟಿರುತ್ತದೆ. ಒಬ್ಬರು ಮುಂದಿನಿಂದ ಎಳೆಯುತ್ತಾರೆ, ಇನ್ನೊಬ್ಬರು ಹಿಂದಿನಿಂದ ತಳ್ಳುತ್ತಾರೆ, ಕಾಂಪೌಂಡಿನ ಆಚೆ ನಿಂತವರು ಪುಕ್ಕಟೆ ಸಲಹೆ ಕೊಡುತ್ತಾರೆ.

ಸವಾರಿ ಮೇಷ್ಟ್ರ ಮನೆಯಲ್ಲೂ ಹೀಗೇ ಆಯಿತು. ಮಕ್ಕಳಿಗೆ ಕುದುರೆ ಸವಾರಿ ಕಲಿಸುವ ಅವರ ಬಳಿ ಬೂದು ಬಣ್ಣದ ಹೆಣ್ಣು ಕುದುರೆಯೊಂದಿತ್ತು. ಎಲ್ಲರೂ ಅದನ್ನು ಮೋಡ ಎಂದು ಕರೆಯುತ್ತಿದ್ದರು. ಅದರ ಕಣ್ಣಿನ ರೆಪ್ಪೆಯಲ್ಲಿ ಒಂದು ಗಂಟು ಬೆಳೆಯುತ್ತಿತ್ತು. "ಈಗ್ಲೇ ಆಪರೇಷನ್ ಮಾಡಿದ್ರೆ ಕಣ್ಣು ಉಳಿಯುತ್ತೆ. ಬಿಟ್ರೆ ಕಣ್ಣೇ ತೆಗೀಬೇಕಾಗುತ್ತೆ" ಎಂದು ಡಾಕ್ಟರಮ್ಮ ಮುಂದಿನ ವಾರಕ್ಕೆ ದಿನ ಗೊತ್ತುಮಾಡಿದ್ದರು. ಆಸ್ಪತ್ರೆ ಇದ್ದದ್ದು ದೂರದ ಪಟ್ಟಣದಲ್ಲಿ.

ಮೋಡನಿಗೆ ಹತ್ತಿ ಅಭ್ಯಾಸವಾಗಲಿ ಎಂದು ಪರಿಚಯದವರ ಟ್ರೇಲರ್ ತಂದರು. ಮೇಷ್ಟ್ರ ಹೆಂಡತಿ ಹಗ್ಗ ಹಿಡಿದು ಮುಂದೆ ಹೋದಳು. ಒಳಗೆ ಕಾಲಿಟ್ಟ ಮೋಡ ತಲೆ ಎತ್ತಿತು. ತಲೆ ಚಾವಣಿಗೆ ಧಡ್ ಎಂದು ಬಡಿಯಿತು. ಗಾಬರಿಯಲ್ಲಿ ಅದು ಅವಳನ್ನು ಗೋಡೆಗೆ ಒತ್ತಿ, ಹಿಂದಕ್ಕೇ ನುಗ್ಗಿ ಹೊರಬಿತ್ತು. ಹೆಂಡತಿಯ ತೋಳು ನೀಲಿಗಟ್ಟಿತು. ಅಂದಿನಿಂದ ಟ್ರೇಲರ್ ಕಂಡರೆ ಸಾಕು, ಮೋಡ ಬೆವರತೊಡಗಿತು.

"ಹಟ ಅದಕ್ಕೆ, ಬರೀ ಹಟ! ನಮ್ಮದೇ ಟ್ರೇಲರ್ ತಗೊಳ್ಳೋಣ. ನಾಲ್ಕು ಏಟು ಬಿದ್ರೆ ತಾನಾಗೇ ಹತ್ತುತ್ತೆ" ಎಂದರು ಮೇಷ್ಟ್ರು.

ಈ ಮಾತು ಮೇಷ್ಟ್ರ ಅಕ್ಕನ ಕಿವಿಗೆ ಬಿತ್ತು. ಅಕ್ಕ ಅಂದರೆ ಸಾಮಾನ್ಯದ ಹೆಂಗಸಲ್ಲ. ಊರೂರಿಗೆ ಕುದುರೆ ಸಾಗಿಸುವುದೇ ಆಕೆಯ ಕಸುಬು, ದನಿಯೋ ಗಾಡಿಯ ಹಾರ್ನಿಗಿಂತ ಜೋರು. ಮರುದಿನ ತಮ್ಮ, ತಮ್ಮನ ಹೆಂಡತಿ ಇಬ್ಬರನ್ನೂ ಅವರದೇ ಜೀಪಿಗೆ ಹತ್ತಿಸಿಕೊಂಡು ಟ್ರೇಲರ್ ಮಾರುವವನ ಅಂಗಳಕ್ಕೆ ತಾನೇ ಹೊರಟಳು.

ಮೇಷ್ಟ್ರು ನೇರವಾಗಿ ಹೋಗಿ ನಿಂತದ್ದು ಕೆಂಪಗೆ ಮಿಂಚುವ ಒಂದು ಟ್ರೇಲರಿನ ಮುಂದೆ. ಮೈಮೇಲೆ ಓಡುವ ಕುದುರೆಯ ಚಿತ್ರ ಬೇರೆ!

"ಅಳತೆ ಎಲ್ಲಾ ನೋಡಿದೀನಿ ಅಕ್ಕ. ಮೋಡನ ಎತ್ತರಕ್ಕಿಂತ ಒಂದು ಮೊಳ ಜಾಸ್ತೀನೇ ಇದೆ."

"ಎತ್ತರ ಎಲ್ಲಿವರೆಗೆ ಅಳೆದೆ?"

"ಹೆಗಲವರೆಗೆ. ಕುದುರೆ ಎತ್ತರ ಅಂದ್ರೆ ಹೆಗಲು ತಾನೆ?"

"ತಲೇನ ಲಾಯದಲ್ಲೇ ಬಿಟ್ಟು ಬರುತ್ತಾ?"

ಟ್ರೇಲರ್ ಮಾರುವವನಿಗೇ ನಗು ತಡೆಯಲಾಗಲಿಲ್ಲ. ಕುದುರೆಯವರ ಹಣೆಬರಹವೇ ಇಷ್ಟು ನೋಡಿ. ಎತ್ತರ ಕೇಳಿದರೆ ಹೆಗಲಿಗೆ ಕೋಲು ಹಿಡಿಯುತ್ತಾರೆ, ಅದರ ಮೇಲಿನ ಉದ್ದ ಕುತ್ತಿಗೆಯೂ ತಲೆಯೂ ಯಾರ ಲೆಕ್ಕಕ್ಕೂ ಬರುವುದಿಲ್ಲ.

"ಕುದುರೆ ಹೆದರಿದಾಗ ತಲೆ ಎಲ್ಲಿಗೆ ಏರುತ್ತೋ ಅಲ್ಲಿವರೆಗೆ ಅಳೀಬೇಕು ಕಣೋ. ಅದರ ಮೇಲೂ ಜಾಗ ಮಿಕ್ಕಿರ್ಬೇಕು" ಎಂದಳು ಅಕ್ಕ. "ಸರಿ, ಈಗ ನೀನು ಒಳಗೆ ಹೋಗು. ಮುಂದಿನ ಮೂಲೇಲಿ ನಿಲ್ಲು."

"ನಾನ್ಯಾಕೆ? ನಾನೇನು ಕುದುರೇನಾ?"

"ಹೋಗೋ ಅಂದ್ರೆ!"

ಮೇಷ್ಟ್ರು ಗೊಣಗುತ್ತ ಹೋದರು. ಅಕ್ಕ ಹಿಂದಿನ ಬಾಗಿಲು ಮುಚ್ಚಿದಳು. ಕಿಟಕಿ ಅಂಗೈಯಷ್ಟು, ಒಳಗೆಲ್ಲ ಕಡುಬಣ್ಣ, ಏನೂ ಕಾಣಿಸದು.

"ನಿನ್ನ ಹಿಂದೆ ಮೋಡ ನಿಂತಿದೆ, ಬೆದರಿದೆ ಅಂದ್ಕೋ. ಈಗ ಹೊರಗೆ ಬಾ ನೋಡೋಣ!"

ಮೇಷ್ಟ್ರು ಗೋಡೆ ತಡಕಾಡಿದರು. ಮುಂದೆ ಮನುಷ್ಯರು ದಾಟುವ ಬಾಗಿಲೇ ಇರಲಿಲ್ಲ. ಹೊರಬರಬೇಕೆಂದರೆ ಕುದುರೆಯ ಮೈಗೆ ಉಜ್ಜಿಕೊಂಡೇ ಬರಬೇಕು. ಆ ದಿನ ತನ್ನ ಹೆಂಡತಿ ನಿಂತಿದ್ದು ಇಂಥದ್ದೇ ಜಾಗದಲ್ಲಿ ಎಂಬುದು ಅವರಿಗೆ ಆಗ ಹೊಳೆಯಿತು. ತೋಳಿನ ಬದಲು ಎದೆ ಸಿಕ್ಕಿಕೊಂಡಿದ್ದರೆ? ಬಾಗಿಲು ಬಡಿದರು, ಅಕ್ಕ ತೆರೆದಳು.

ಹೊರಬಂದವರು ಹೆಂಡತಿಯ ಮುಖವನ್ನೇ ನೋಡಿದರು. "ನನಗೆ ಗೊತ್ತಾಗ್ಲಿಲ್ಲ ಕಣೇ. ನಿನ್ನ ಜೀವಕ್ಕೇ ಕುತ್ತು ಬರ್ತಿತ್ತು."

"ಒಳಗೆ ಜಾಗ ಸಾಲಲ್ಲ ಅಂತ ನಾನು ಅವತ್ತೇ ಹೇಳ್ದೆ, ನೀವು ಹಟ ಹಟ ಅಂತ ಕೂಗಾಡ್ತಿದ್ರಿ" ಎಂದಳು ಹೆಂಡತಿ. ಕಣ್ಣು ತುಂಬಿತ್ತು, ಆದರೂ ಬಿಡಲಿಲ್ಲ. "ಅತ್ತಿಗೆ, ನೀವೇ ಒಂದು ತೋರ್ಸಿ."

ಅಕ್ಕ ಮೂಲೆಯಲ್ಲಿದ್ದ ಒಂದು ಮಾಸಲು ಟ್ರೇಲರಿನ ಹತ್ತಿರ ಕರೆದೊಯ್ದಳು. ನೋಡಲು ಅಂದವಿಲ್ಲ. ಆದರೆ ಚಾವಣಿ ಎತ್ತರ, ಒಳಗೆಲ್ಲ ಬಿಳಿ, ದೊಡ್ಡ ಕಿಟಕಿಗಳು. ಮುಂದೆ ಜನ ದಾಟಲು ಒಂದು ಬಾಗಿಲು. ಹತ್ತುವ ಹಲಗೆ ಕಡಿದಾಗಿರಲಿಲ್ಲ, ಮೇಲೆ ಜಾರದ ರಬ್ಬರ್ ಹಾಸಿತ್ತು.

"ನಡುವಿನ ಈ ಅಡ್ಡಗೋಡೆ ಪಕ್ಕಕ್ಕೆ ಸರಿಯುತ್ತೆ ನೋಡಮ್ಮ. ಹತ್ತುವಾಗ ಸರಿಸಿಬಿಟ್ರೆ ಕುದುರೆಗೆ ಅಗಲ ಕಾಣುತ್ತೆ, ಬಿಲ ಹೊಕ್ಕ ಹಾಗೆ ಅನ್ಸಲ್ಲ."

ಹಾಗಂತ ಅಕ್ಕ ಅದನ್ನೂ ಕಣ್ಣುಮುಚ್ಚಿ ಒಪ್ಪಲಿಲ್ಲ. ಒಳಗಿನ ರಬ್ಬರ್ ಹಾಸು ಎತ್ತಿ, ನೆಲದ ಹಲಗೆಗಳನ್ನು ಒಂದೊಂದಾಗಿ ಸ್ಕ್ರೂಡ್ರೈವರಿನಿಂದ ಚುಚ್ಚಿದಳು. ಒಂದು ಕಡೆ ಮೊನೆ ಸಲೀಸಾಗಿ ಇಳಿಯಿತು.

"ಇದು ಕೊಳೆತಿದೆಯಪ್ಪ. ಓಡೋ ಗಾಡೀಲಿ ಕುದುರೆ ಕಾಲು ಇದ್ರಲ್ಲಿ ಇಳಿದ್ರೆ ಗತಿ ಏನು? ಬದಲಾಯಿಸಿ ಕೊಟ್ರೆ ವ್ಯಾಪಾರ, ಇಲ್ಲಾಂದ್ರೆ ನಮಸ್ಕಾರ."

ಮಾರುವವನು ಬಡಗಿಯನ್ನು ಕರೆಸಿ ಆ ಹಲಗೆ ಬದಲಾಯಿಸಿದ. ಅಷ್ಟರಲ್ಲಿ ಅಕ್ಕ ಬ್ರೇಕು, ಟೈರು, ಹಿಂದಿನ ದೀಪಗಳನ್ನು ನೋಡಿ ಮುಗಿಸಿದಳು. ಟ್ರೇಲರಿನ ತೂಕಕ್ಕೆ ಮೋಡನ ತೂಕ ಕೂಡಿಸಿ, ಮೇಷ್ಟ್ರ ಜೀಪು ಅಷ್ಟನ್ನು ಎಳೆಯಬಲ್ಲದೇ ಎಂದೂ ಕೇಳಿ ಖಾತ್ರಿ ಮಾಡಿಕೊಂಡಳು.

ಮನೆಗೆ ಬಂದ ಮೇಲೆ ಸಮತಟ್ಟಾದ ಜಾಗದಲ್ಲಿ, ಜೀಪಿಗೆ ಜೋಡಿಸಿಯೇ ಟ್ರೇಲರ್ ನಿಲ್ಲಿಸಿದರು. ಜೋಡಿಸದ ಟ್ರೇಲರಿಗೆ ಕುದುರೆ ಹತ್ತಿಸಿದರೆ ಅದು ವಾಲಿಬಿಡಬಹುದು. ಒಳಗೆ ಹುಲ್ಲಿಟ್ಟರು. ಯಾರೂ ಎಳೆಯಲಿಲ್ಲ. ಮೊದಲ ದಿನ ಮೋಡ ಹಲಗೆಯನ್ನು ಮೂಸಿ ವಾಪಸಾಯಿತು. ಮಾರನೆಯ ದಿನ ಮುಂಗಾಲು ಇಟ್ಟಿತು, ಹುಲ್ಲು ಕಿತ್ತುಕೊಂಡು ಇಳಿಯಿತು. ಮೇಷ್ಟ್ರ ಕೈ ಚಡಪಡಿಸುತ್ತಿತ್ತು.

"ಕೈ ಜೇಬಲ್ಲಿಟ್ಕೊಳ್ಳಿ" ಎಂದಳು ಹೆಂಡತಿ.

ಹೊರಡುವ ದಿನ ಬಂತು. ಹೆಂಡತಿಯೇ ಹಗ್ಗ ಹಿಡಿದಳು. ಮೋಡ ಹಲಗೆಯ ಮುಂದೆ ನಿಂತಿತು. ಕಿವಿ ಹಿಂದೆ ಮುಂದೆ ಆಡಿಸಿತು. ಆಮೇಲೆ ಟಕ್ ಟಕ್ ಎಂದು ನಡೆದು ಒಳಹೋಯಿತು. ತಲೆ ಎತ್ತಿತು, ಏನೂ ತಾಕಲಿಲ್ಲ. ಹುಲ್ಲಿಗೆ ಬಾಯಿ ಹಾಕಿತು.

"ಮೊದಲು ಹಿಂದಿನ ಅಡ್ಡಪಟ್ಟಿ ಹಾಕು, ಆಮೇಲೆ ತಲೆಹಗ್ಗ ಕಟ್ಟು" ಎಂದು ಅಕ್ಕ ತಮ್ಮನಿಗೆ ಹೇಳಿದಳು. "ಇಳಿಸುವಾಗ ಮೊದಲು ತಲೆ ಬಿಚ್ಚು, ಆಮೇಲೆ ಹಿಂದೆ ತೆಗಿ. ತಲೆ ಕಟ್ಟಿದ್ದು, ಹಿಂದೆ ತೆರೆದಿದ್ರೆ ಕುದುರೆ ಹಿಂದಕ್ಕೆ ಜಗ್ಗಿ ಅನಾಹುತ ಆಗುತ್ತೆ." ಹೆಂಡತಿ ಮುಂದಿನ ಬಾಗಿಲಿನಿಂದ ಆರಾಮವಾಗಿ ಇಳಿದಳು.

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಡಾಕ್ಟರಮ್ಮ ಆಪರೇಷನ್ ಮಾಡಿದ ಕಣ್ಣಿನ ಮುಂದೆ ಕೈ ಆಡಿಸಿದರು. ಮೋಡ ರೆಪ್ಪೆ ಬಡಿಯಿತು. ಸವಾರಿ ಮೇಷ್ಟ್ರು ಎಲ್ಲರೆದುರೇ ಅದರ ಕುತ್ತಿಗೆಗೆ ಮುಖವಿಟ್ಟು ಅತ್ತುಬಿಟ್ಟರು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಕುದುರೆ ಇದ್ದರೆ, ಟ್ರೇಲರ್ ಕೊಳ್ಳುವ ಮುಂಚೆ ಹೊರಗಿನ ಬಣ್ಣ ನೋಡಿ ಮರುಳಾಗಬೇಡಿ. ಒಳಗೆ ಹೋಗಿ ನಿಲ್ಲಿ. ಬೆಳಕಿದೆಯೇ, ಎತ್ತಿದ ತಲೆಗೆ ಜಾಗವಿದೆಯೇ, ನಿಮಗೆ ಹೊರಬರಲು ಬೇರೆ ಬಾಗಿಲಿದೆಯೇ ನೋಡಿ. ಹಾಸು ಎತ್ತಿ ನೆಲ ಚುಚ್ಚಿ ನೋಡಿ. ಸಾಧ್ಯವಾದರೆ ನಿಮ್ಮ ಕುದುರೆಯನ್ನೇ ಕರೆತಂದು ಹತ್ತಿಸಿ ನೋಡಿ. ಅದು ಒಲ್ಲೆ ಅಂದರೆ ಕೋಲು ಹುಡುಕಬೇಡಿ. ಯಾಕೆ ಒಲ್ಲೆ ಅನ್ನುತ್ತಿದೆ ಅಂತ ತಿಳಿದುಕೊಳ್ಳಿ, ದುಡ್ಡು ಆಮೇಲೆ ಕೊಡಿ.