ಹದಿನೇಳು ಸುಳ್ಳು, ಒಂದು ಹೌದು

ಪುಣೆ ಬಳಿಯ ನಿಗಡಿಯ ನಮ್ಮ ಕನ್ನಡ ಸಂಘದ ಗ್ರಂಥಾಲಯವೆಂದರೆ ಒಂದು ಕಬ್ಬಿಣದ ಕಪಾಟು. ಅದರ ಕೀಲಿ ಕಾರ್ಯದರ್ಶಿ ಶಿವರುದ್ರಪ್ಪನವರ ಬಳಿ. ಖಡಕಿಯ ಮದ್ದುಗುಂಡಿನ ಕಾರ್ಖಾನೆಯಿಂದ ನಿವೃತ್ತರಾದ ಅವರು ಪುಸ್ತಕಗಳನ್ನೂ ಸಿಡಿಯುವ ವಸ್ತುಗಳೆಂದೇ ನಂಬಿದ್ದಾರೆ.

ಆ ಭಾನುವಾರದ ಸಭೆ ಒಂದು ಕಾದಂಬರಿಯನ್ನು ಕಪಾಟಿನಿಂದ ತೆಗೆದುಹಾಕಲು ಸೇರಿತ್ತು. ಅದರಲ್ಲಿ ಮಗಳೊಬ್ಬಳು, ವರ್ಷಗಟ್ಟಲೆ ಎಚ್ಚರವಿಲ್ಲದೆ ಮಲಗಿದ ತಾಯಿಯ ಚಿಕಿತ್ಸೆ ನಿಲ್ಲಿಸಲು ಸಹಿ ಹಾಕುತ್ತಾಳೆ. ಅರ್ಧ ಸಂಘ ಅವಳನ್ನು ಕೊಲೆಗಾರ್ತಿ ಎಂದಿತು, ಉಳಿದರ್ಧ ದೇವತೆ ಎಂದಿತು. ಎರಡು ತಿಂಗಳಿಂದ ಒಬ್ಬರ ಮನೆಯ ಚಹಾ ಇನ್ನೊಬ್ಬರಿಗೆ ಇಳಿಯುತ್ತಿರಲಿಲ್ಲ.

ಶಿವರುದ್ರಪ್ಪನವರು ಪುಸ್ತಕ ಎತ್ತಿ ಹಿಡಿದರು. ಅಂಚಿನ ತುಂಬ ಪೆನ್ಸಿಲ್ ಬರಹ.

"ಹದಿನೇಳು ಕಡೆ 'ಸುಳ್ಳು' ಅಂತ ಬರದಾರ ನೋಡ್ರಿ. ಅಕ್ಷರ ಯಾರದು? ಪಂಕಜಾಕ್ಷಿ ಅಕ್ಕಾರದು! ಅತ್ತೀನ ಆರು ವರ್ಷ ಹಾಸಿಗ್ಯಾಗ ನೋಡಿಕೊಂಡ ಸೊಸಿ. ಇನ್ನ ಬ್ಯಾರೆ ಸಾಕ್ಷಿ ಬೇಕೇನ್ರಿ?"

ಹೋಟೆಲು ಸದಾನಂದರ ಹೆಂಡತಿ ಪಂಕಜಾಕ್ಷಿ ಎದ್ದು ನಿಂತರು. ಪಕ್ಕದಲ್ಲಿ ಗಂಡ ಹೆಮ್ಮೆಯಿಂದ ಬೆನ್ನು ನೆಟ್ಟಗೆ ಮಾಡಿದರು.

"ಹದಿನೇಳು ಸುಳ್ಳು ಎಣಿಸಿದ್ರಿ, ಒಂದು 'ಹೌದು' ಉಂಟಲ್ಲ, ಅದನ್ನು ಬಿಟ್ರಿ ಮಾರಾಯ್ರೆ. ನೂರನಲವತ್ತನೇ ಪುಟ ಓದಿ."

ಕಾರ್ಯದರ್ಶಿಗಳು ಓದಿದರು. ತಾಯಿಯ ಬೆನ್ನು ಒರೆಸುತ್ತ ಮಗಳು ಹೇಳುತ್ತಾಳೆ: ಸಾಕು ಅಮ್ಮಾ, ಇನ್ನು ಹೋಗು.

"ನಾನೂ ಹೇಳಿದ್ದೆ, ನಮ್ಮತ್ತೆಗೆ. ಒಂದು ಸಲ ಅಲ್ಲ. ಸಹಿ ಹಾಕ್ಲಿಲ್ಲ, ಅಷ್ಟೆ."

ಸದಾನಂದರ ಬೆನ್ನು ಮತ್ತೆ ಬಾಗಿತು.

"ಅಂದ್ರ ನೀವು ಮಗಳ ಕಡೆ ಏನ್ರಿ?" ಎಂದರು ಶಿವರುದ್ರಪ್ಪನವರು.

"ಯಾರ ಕಡೆಯೂ ಅಲ್ಲ. ಅವಳು ಪುಟಕ್ಕೊಂದು ಸಲ ಚಂದಕ್ಕೆ ಅಳ್ತಾಳೆ. ಆರು ವರ್ಷ ಮಗ್ಗುಲು ಹೊರಳಿಸಿದವರಿಗೆ ಸೊಂಟ ನೋಯ್ತದೆ, ಅಳು ಬರುದಿಲ್ಲ. ಪುಸ್ತಕ ನನಗೆ ಸೇರ್ಲಿಲ್ಲ. ಆದ್ರೆ ಜಗಳ ಇನ್ನೂ ಮುಗಿದಿಲ್ಲ. ಇದನ್ನು ತೆಗೆದ್ರೆ ನಾನು ಯಾರತ್ರ ಜಗಳ ಮಾಡುದು, ನಿಮ್ಮತ್ರವಾ? ನೀವು ಓದಿದ್ದು ನನ್ನ ಪೆನ್ಸಿಲ್ ಮಾತ್ರ."

ಅವರು ಮುಂದೆ ಬಂದು ಪುಸ್ತಕ ಕಿತ್ತುಕೊಂಡು, ಎರವಲು ಪುಸ್ತಿಕೆಯಲ್ಲಿ ತಮ್ಮ ಹೆಸರು ಬರೆದರು. ಓದುಗರ ಕೈಯಲ್ಲಿರುವ ಪುಸ್ತಕದ ಬಗ್ಗೆ ನಿರ್ಣಯ ಮಾಡುವಂತಿಲ್ಲ ಎಂಬ ನಿಯಮ ಕಪಾಟಿನ ಬಾಗಿಲಲ್ಲೇ ಅಂಟಿಸಿತ್ತು, ಶಿವರುದ್ರಪ್ಪನವರ ಅಕ್ಷರದಲ್ಲಿ.

ಮೆಟ್ಟಿಲಿಳಿಯುವಾಗ ಸದಾನಂದರು ತಗ್ಗಿದ ದನಿಯಲ್ಲಿ ಕೇಳಿದರು: "ಎಷ್ಟನೇ ಪುಟ ಅಂದದ್ದು ನೀನು?"

"ಮೊದಲಿಂದ ಓದಿ," ಎಂದು ಪಂಕಜಾಕ್ಷಿ ಪುಸ್ತಕವನ್ನು ಅವರ ಕೈಗಿಟ್ಟರು. ಚೀಲದಲ್ಲಿ ತಡಕಾಡಿ ಪೆನ್ಸಿಲನ್ನೂ ಕೊಟ್ಟರು.